ಸ್ನಾಯುವಿನೊಳಗೆ ಎಳ್ಳೆಣ್ಣೆಯ ಕಣಜ

ಪೆನಿಸಿಲಿನ್ ಬಳಕೆಗೆ ಬಂದ ಹೊಸದರಲ್ಲಿ ಒಂದು ತೊಡಕಿತ್ತು. ನೀರಿನಲ್ಲಿ ಕರಗಿಸಿ ಚುಚ್ಚಿದ ಮದ್ದು ಕೆಲವೇ ಗಂಟೆಗಳಲ್ಲಿ ಮೂತ್ರದೊಡನೆ ಹೊರಹೋಗುತ್ತಿತ್ತು. ಹಗಲೂ ರಾತ್ರಿ ಚುಚ್ಚಬೇಕಿತ್ತು. 1944ರಲ್ಲಿ ಅಮೆರಿಕದ ರೊಮಾನ್ಸ್ಕಿ ಮತ್ತು ರಿಟ್‌ಮನ್ ಅದನ್ನು ಕಡಲೆಕಾಯಿ ಎಣ್ಣೆ, ಜೇನುಮೇಣಗಳಲ್ಲಿ ಬೆರೆಸಿದರು. ಮದ್ದು ನಿಧಾನವಾಗಿ ರಕ್ತ ಸೇರತೊಡಗಿತು.

1960ರ ದಶಕದಲ್ಲಿ ಈ ಉಪಾಯ ಸ್ಕಿಜೋಫ್ರೀನಿಯ ಚಿಕಿತ್ಸೆಗೂ ಬಂತು. ಫ್ಲೂಫೆನಜೀನ್ ಅಣುವಿಗೆ 10 ಕಾರ್ಬನ್‌ಗಳ ಡೆಕನೋಯಿಕ್ ಆಮ್ಲವನ್ನು ಜೋಡಿಸಿದರೆ ದೊರೆಯುವ ಎಸ್ಟರ್ ಎಳ್ಳೆಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಅತ್ಯಲ್ಪ. ಹಾಗಾಗಿ ಸ್ನಾಯುವಿನಲ್ಲಿ ನಿಂತ ಎಣ್ಣೆಯಿಂದ ಅದು ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಆಮೇಲೆ ಕಿಣ್ವಗಳು ಎಸ್ಟರನ್ನು ಒಡೆದು ಮದ್ದನ್ನು ಬಿಡಿಸುತ್ತವೆ. ಒಂದು ಚುಚ್ಚುಮದ್ದಿನ ಪರಿಣಾಮ ಕೆಲವು ವಾರ ಇರುತ್ತದೆ. ಮುಂದೆ ಬಂದ ಹ್ಯಾಲೊಪೆರಿಡಾಲ್ ಡೆಕನೋಯೇಟಿಗೂ ಎಳ್ಳೆಣ್ಣೆಯೇ ಆಧಾರ.

ಮನೋರೋಗಿಗೆ ಊರ ಹತ್ತಿರವೇ ಚಿಕಿತ್ಸೆ ಸಿಗಬೇಕೆಂದು ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕಾರ್ಯಕ್ರಮ ಆರಂಭಿಸಿತು. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ದೂರದ ಊರುಗಳಲ್ಲಿ, ದಿನವೂ ಮಾತ್ರೆ ನುಂಗಲು ಮರೆಯುವ ರೋಗಿಗೆ ತಿಂಗಳ ಚುಚ್ಚುಮದ್ದು ಎಷ್ಟು ಅನುಕೂಲವೆಂದು ಊಹಿಸಬಹುದು.

ಆದರೆ ಒಮ್ಮೆ ಚುಚ್ಚಿದ್ದನ್ನು ಹಿಂತೆಗೆಯಲಾಗದು. ಅಡ್ಡಪರಿಣಾಮವೂ ವಾರಗಟ್ಟಲೆ ಉಳಿಯಬಹುದು. ಇದು ಅಡುಗೆಮನೆಯ ಎಣ್ಣೆಯಲ್ಲ, ಶುದ್ಧೀಕರಿಸಿ ರೋಗಾಣುರಹಿತಗೊಳಿಸಿದ್ದು. ಇದನ್ನು ರಕ್ತನಾಳಕ್ಕೆ ಎಂದೂ ಚುಚ್ಚಬಾರದು.