ಮ್ಯಾಕ್ ಸೆಂಟರ್ ಕರೀತಾನೇ ಇತ್ತು

ಇವತ್ತಿನ ಕಥೆ ಒಂದು ರೇಡಿಯೋ ರೂಮಿನದ್ದು. ಜಾಗ ಅಂಟಾರ್ಕ್ಟಿಕಾದ ರಾಸ್ ದ್ವೀಪ, ಅಲ್ಲಿರೋ ಅಮೆರಿಕದ ಮೆಕ್‌ಮರ್ಡೊ ಸಂಶೋಧನಾ ಕೇಂದ್ರ. ದಿನ 1979ರ ನವೆಂಬರ್ 28. ಅಲ್ಲಿನ ಏರ್ ಟ್ರಾಫಿಕ್ ಕಂಟ್ರೋಲ್‌ಗೆ ರೇಡಿಯೋದಲ್ಲಿ ಮ್ಯಾಕ್ ಸೆಂಟರ್ ಅಂತ ಹೆಸರು. ಮಧ್ಯಾಹ್ನ ಸುಮಾರು ಒಂದು ಗಂಟೆ. ಕಂಟ್ರೋಲರ್‌ಗಳು ಒಂದು ವಿಮಾನವನ್ನ ಕರೀತಿದಾರೆ. ಉತ್ತರ ಇಲ್ಲ. ಮತ್ತೆ ಕರೀತಾರೆ. ಮತ್ತೆ ಇಲ್ಲ.

ಆ ವಿಮಾನ ಏರ್ ನ್ಯೂಜಿಲೆಂಡ್‌ನ ಫ್ಲೈಟ್ 901. ಅದರಲ್ಲಿ 257 ಜನ ಇದ್ರು.

ಈ ದುರಂತದ ಬಗ್ಗೆ ವೀಡಿಯೋ ನೋಡಿರೋರು ಇರಬಹುದು. ಅವು ಹೆಚ್ಚಾಗಿ ಕಾಕ್‌ಪಿಟ್‌ನಿಂದ ಕಥೆ ಹೇಳ್ತವೆ. ನನಗೆ ಇನ್ನೊಂದು ಕಡೆಯಿಂದ ನೋಡಬೇಕು ಅನ್ನಿಸ್ತು. ಪ್ರಪಂಚದ ತುದೀಲಿ ಮೈಕ್ ಹಿಡ್ಕೊಂಡು ಕೂತಿರೋ ಆ ಮನುಷ್ಯನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ?

ಮೊದಲು ಆ ಜಾಗ ಹೇಗಿದೆ ಅಂತ ತಿಳ್ಕೊಳ್ಳೋಣ. ಅಮೆರಿಕದ ನೌಕಾಪಡೆ 1955ರ ಕೊನೆಗೆ ಮೆಕ್‌ಮರ್ಡೊ ಕಟ್ಟೋಕೆ ಶುರು ಮಾಡ್ತು. ಸ್ವಲ್ಪ ದಿನಕ್ಕೇ, 1956ರ ಜನವರಿ 6ರಂದು, ರಿಚರ್ಡ್ ವಿಲಿಯಮ್ಸ್ ಅನ್ನೋ ಟ್ರ್ಯಾಕ್ಟರ್ ಡ್ರೈವರ್ ಸಮುದ್ರದ ಮೇಲಿನ ಮಂಜುಗಡ್ಡೆ ಒಡೆದು ಟ್ರ್ಯಾಕ್ಟರ್ ಸಮೇತ ಮುಳುಗಿ ಸತ್ತರು. ಅಲ್ಲಿನ ವಿಲಿಯಮ್ಸ್ ಫೀಲ್ಡ್ ಅನ್ನೋ ವಿಮಾನ ನಿಲ್ದಾಣಕ್ಕೆ ಅವರದ್ದೇ ಹೆಸರು. ನಿಲ್ದಾಣ ಅಂದ್ರೆ ನಮ್ಮ ದೇವನಹಳ್ಳಿ ತರ ಕಲ್ಪನೆ ಮಾಡ್ಕೋಬೇಡಿ. ಹಿಮವನ್ನ ತಟ್ಟಿ ಸಮ ಮಾಡಿದ ರನ್‌ವೇ. ಅದರ ಅಡಿಯಲ್ಲಿ ದಪ್ಪ ಮಂಜುಗಡ್ಡೆ, ಅದರ ಕೆಳಗೆ ಸಮುದ್ರ.

ಇಲ್ಲಿ ಕಂಟ್ರೋಲರ್ ಕೆಲಸ ಯಾಕೆ ಬೇರೆ? ಒಂದು, ದೂರ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ ಮೆಕ್‌ಮರ್ಡೊಗೆ ಸುಮಾರು 3,800 ಕಿಲೋಮೀಟರ್, ಮಧ್ಯೆ ಬರೀ ಸಮುದ್ರ. ದಾರೀಲಿ ಒಂದು ಪಾಯಿಂಟ್ ದಾಟಿದ್ಮೇಲೆ ವಾಪಸ್ ಹೋಗೋಕೆ ಇಂಧನ ಸಾಲಲ್ಲ. ಆ ಪಾಯಿಂಟ್‌ಗೆ ಮುಂಚೆ ಕಂಟ್ರೋಲ್‌ನವರು ಕೊಡೋ ಹವಾಮಾನ ವರದಿ ಮೇಲೆ ಪೈಲಟ್ ನಿರ್ಧಾರ ನಿಂತಿರುತ್ತೆ.

ಎರಡು, ದಿಕ್ಕು. ದಕ್ಷಿಣ ಕಾಂತ ಧ್ರುವ ಹತ್ತಿರ ಇರೋದ್ರಿಂದ ದಿಕ್ಸೂಚಿ ನಂಬೋಹಾಗಿಲ್ಲ. ರೇಖಾಂಶಗಳೆಲ್ಲ ಧ್ರುವದ ಕಡೆ ಒಟ್ಟಿಗೆ ಬರ್ತವೆ. ಅದಕ್ಕೇ ಅಲ್ಲಿ ನಕ್ಷೆ ಮೇಲೆ ಚೌಕ ಗೆರೆ ಎಳೆದು ಗ್ರಿಡ್ ಉತ್ತರ ಅಂತ ಬೇರೆ ಲೆಕ್ಕ ಇಟ್ಕೊಂಡಿದಾರೆ.

ಮೂರು, ಕಣ್ಣು ಮತ್ತು ಕಿವಿ. ಹತ್ತಿರದ ಮಾತಿಗೆ ವಿಎಚ್‌ಎಫ್ ರೇಡಿಯೋ. ಅದು ಟಾರ್ಚ್ ಬೆಳಕಿನ ತರ ನೇರ ಹೋಗುತ್ತೆ, ಮಧ್ಯೆ ಗುಡ್ಡ ಬಂದ್ರೆ ಕಟ್. ರೇಡಾರ್ ಕೂಡ ಹಾಗೇ. ದೂರದ ಮಾತಿಗೆ ಎಚ್‌ಎಫ್ ರೇಡಿಯೋ. ಅದು ಆಕಾಶದ ಮೇಲ್ಪದರಕ್ಕೆ ಬಡಿದು ಬಗ್ಗಿ ಬರುತ್ತೆ, ಗುಡ್ಡದ ಆಚೆಗೂ ಕೇಳಿಸುತ್ತೆ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಫ್ಲೈಟ್ 901. ಏರ್ ನ್ಯೂಜಿಲೆಂಡ್ 1977ರಿಂದ ಅಂಟಾರ್ಕ್ಟಿಕಾ ತೋರಿಸೋ ಟೂರ್ ಶುರು ಮಾಡಿತ್ತು. ಬೆಳಗ್ಗೆ ಆಕ್ಲೆಂಡ್‌ನಿಂದ ಹೊರಟು, ಮೇಲಿಂದ ಹಿಮ ನೋಡಿ, ಎಲ್ಲೂ ಇಳಿಯದೆ ಸಂಜೆ ನ್ಯೂಜಿಲೆಂಡ್‌ಗೆ ವಾಪಸ್. ವಿಮಾನದಲ್ಲಿ ಒಬ್ಬರು ಪರಿಣತರು ಕಾಮೆಂಟರಿ ಕೊಡ್ತಿದ್ರು. ಆ ದಿನ ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ಬರಬೇಕಿತ್ತು. ಬೇರೆ ಕೆಲಸ ಇದ್ದಿದ್ದರಿಂದ ಅವರ ಗೆಳೆಯ ಪೀಟರ್ ಮಲ್‌ಗ್ರೂ ಹೋದರು.

ಕ್ಯಾಪ್ಟನ್ ಜಿಮ್ ಕಾಲಿನ್ಸ್, ಫಸ್ಟ್ ಆಫೀಸರ್ ಗ್ರೆಗ್ ಕ್ಯಾಸಿನ್. ಇಬ್ಬರೂ ಅನುಭವಿಗಳೇ, ಆದ್ರೆ ಅಂಟಾರ್ಕ್ಟಿಕಾಕ್ಕೆ ಇಬ್ಬರಿಗೂ ಇದೇ ಮೊದಲ ಸಲ. ನವೆಂಬರ್ 9ಕ್ಕೆ ಅವರಿಗೆ ಕಂಪನಿ ಬ್ರೀಫಿಂಗ್ ಕೊಟ್ಟಿತ್ತು. ಅಲ್ಲಿ ತೋರಿಸಿದ ಫ್ಲೈಟ್ ಪ್ಲ್ಯಾನ್ ಪ್ರಕಾರ ಕೊನೆಯ ಪಾಯಿಂಟಿನ ರೇಖಾಂಶ 164 ಡಿಗ್ರಿ 48 ಮಿನಿಟ್ ಪೂರ್ವ. ಅಂದ್ರೆ ಮೆಕ್‌ಮರ್ಡೊ ಸೌಂಡ್ ಅನ್ನೋ ಅಗಲವಾದ, ಸಮತಟ್ಟಾದ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ದಾರಿ. ಎಡಗಡೆ ದೂರದಲ್ಲಿ ಎರೆಬಸ್ ಬೆಟ್ಟ. ಅದು 3,794 ಮೀಟರ್ ಎತ್ತರದ ಜೀವಂತ ಜ್ವಾಲಾಮುಖಿ. ಹೊರಡೋ ಹಿಂದಿನ ರಾತ್ರಿ ಕಾಲಿನ್ಸ್ ಮನೇಲಿ ಅಟ್ಲಾಸ್ ಹರಡ್ಕೊಂಡು ಇದೇ ದಾರಿ ಗುರುತು ಮಾಡ್ಕೊಂಡ್ರು.

ಆದರೆ ಆ 164 ಮೂಲದಲ್ಲಿ ತಪ್ಪು ಅಂಕಿ. ಕಂಪನಿ ಆಮೇಲೆ ಹೇಳಿದ ಪ್ರಕಾರ 166 ಅಂತ ಹೊಡೆಯೋ ಕಡೆ 164 ಅಂತ ಟೈಪ್ ಆಗಿತ್ತು. ಒಂದೇ ಒಂದು ಅಂಕಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಾಗೇ ಇತ್ತು. ಮಜಾ ಏನಂದ್ರೆ, ಆ ತಪ್ಪು ದಾರಿ ಸೇಫ್ ಆಗಿತ್ತು, ಬೆಟ್ಟದಿಂದ ದೂರ ಹೋಗ್ತಿತ್ತು. ನವೆಂಬರ್ 14ಕ್ಕೆ ಹೋಗಿಬಂದ ಇನ್ನೊಬ್ಬ ಕ್ಯಾಪ್ಟನ್, ಈ ಪಾಯಿಂಟಿಗೂ ಮೆಕ್‌ಮರ್ಡೊದ ನ್ಯಾವಿಗೇಷನ್ ಬೀಕನ್‌ಗೂ ವ್ಯತ್ಯಾಸ ಇದೆ ಅಂತ ಕಂಪನಿಗೆ ಹೇಳಿದ್ರು. ಆಫೀಸಿನವರು ಸರಿ ಮಾಡಿದ್ರು. ಯಾವಾಗ? ಫ್ಲೈಟ್ 901 ಹೊರಡೋ ದಿನ, ಬೆಳಗಿನ ಜಾವ ಎರಡು ಗಂಟೆಯೊಳಗೆ. ಹೊಸ ಅಂಕಿ 166 ಡಿಗ್ರಿ 58 ಮಿನಿಟ್. ಹಳೇದು 166 ಡಿಗ್ರಿ 48 ಮಿನಿಟ್ ಇದೆ ಅಂತಲೇ ನಂಬಿದ್ದ ಅವರ ಲೆಕ್ಕದಲ್ಲಿ ಪಾಯಿಂಟ್ ಸರಿದಿದ್ದು ಬರೀ 4 ಕಿಲೋಮೀಟರ್. ನಿಜವಾಗಿ ಸರಿದಿದ್ದು ಸುಮಾರು 50 ಕಿಲೋಮೀಟರ್. ಹೊಸ ದಾರಿ ನೇರ ಎರೆಬಸ್ ಬೆಟ್ಟದ ಮೇಲೆ.

ಪೈಲಟ್‌ಗಳಿಗೆ ಯಾರೂ ಹೇಳಲಿಲ್ಲ. ಬೆಳಗ್ಗೆ ಕೈಗೆ ಬಂದ ಪ್ಲ್ಯಾನ್ ನೋಡಿ ಅಂಕಿಗಳನ್ನ ವಿಮಾನದ ಕಂಪ್ಯೂಟರ್‌ಗೆ ಹಾಕಿದ್ರು. 19 ದಿನದ ಹಿಂದೆ ನೋಡಿದ್ದೇ ಇದು ಅಂದ್ಕೊಂಡ್ರು.

ನಾನು ಬಿಕಾಂ ಓದಿದವನು, ಅದಕ್ಕೇ ಇದು ನನಗೆ ಜಾಸ್ತಿ ಕಾಡುತ್ತೆ. ಜರ್ನಲ್ ಎಂಟ್ರಿ ಬರೆದ್ಮೇಲೆ ಕೆಳಗೆ ನರೇಶನ್ ಬರೀಬೇಕು ಅಂತ ಹೇಳಿಕೊಡ್ತಾರಲ್ವಾ, ಈ ಎಂಟ್ರಿ ಯಾಕೆ ಅಂತ ಒಂದು ಸಾಲು. ಪರೀಕ್ಷೇಲಿ ಅದಕ್ಕೆ ಅರ್ಧ ಮಾರ್ಕು, ನಾವೆಲ್ಲ ಬಿಟ್ಟುಬಿಡ್ತಿದ್ವಿ. ಮೊದಲ ಕೆಲಸದಲ್ಲಿ ನಾನು ಒಂದು ಹಳೇ ತಪ್ಪನ್ನ ಯಾರಿಗೂ ಹೇಳದೆ ಸರಿ ಮಾಡಿದ್ದೆ. ಅದೇ ತಪ್ಪು ಅಂಕಿ ಹಿಡ್ಕೊಂಡು ಇನ್ನೊಬ್ಬರು ಬೇರೆ ಲೆಕ್ಕ ಹಾಕಿದ್ರು ಅಂತ ನನಗೆ ಗೊತ್ತಿರಲಿಲ್ಲ. ತಿಂಗಳ ಕೊನೆಗೆ ಇಬ್ಬರ ಲೆಕ್ಕವೂ ತಾಳೆ ಆಗಲಿಲ್ಲ. ಬೈಸ್ಕೊಂಡೆ, ಅಷ್ಟೇ. ಸರಿಯಾದ ಅಂಕಿ ಕೂಡ, ಹೇಳದೆ ಬದಲಾಯಿಸಿದ್ರೆ, ಅಪಾಯ ಆಗಬಹುದು ಅಂತ ಅವತ್ತು ಸ್ವಲ್ಪ ಅರ್ಥ ಆಗಿತ್ತು. ಈ ಕಥೆ ಓದಿದ್ಮೇಲೆ ಪೂರ್ತಿ ಅರ್ಥ ಆಯ್ತು.

ಈಗ ಮ್ಯಾಕ್ ಸೆಂಟರ್‌ಗೆ ವಾಪಸ್ ಬರೋಣ. ಅವರಿಗೆ ಈ ಬದಲಾವಣೆ ಗೊತ್ತಿತ್ತಾ? ಹಿಂದಿನ ಟೂರ್‌ಗಳಲ್ಲಿ ಅವರಿಗೆ ಬರ್ತಿದ್ದ ಪ್ಲ್ಯಾನ್‌ನಲ್ಲಿ ಆ ಪಾಯಿಂಟಿನ ಎದುರು ಅಕ್ಷಾಂಶ, ರೇಖಾಂಶ ಇರ್ತಿತ್ತು. ಆ ದಿನ ಬಂದಿದ್ದರಲ್ಲಿ ಅಂಕಿಗಳೇ ಇರಲಿಲ್ಲ, ಬರೀ ಮೆಕ್‌ಮರ್ಡೊ ಅನ್ನೋ ಪದ ಇತ್ತು. ಅದು ಬೇಕಂತ ಮಾಡಿದ್ದಾ ಅನ್ನೋದು ಆಮೇಲೆ ದೊಡ್ಡ ವಾದ ಆಯ್ತು. ವಾದ ಏನೇ ಇರಲಿ, ಕಂಟ್ರೋಲರ್ ಮೇಜಿನ ಮೇಲಿದ್ದ ಕಾಗದದಲ್ಲಿ ಹೋಲಿಸಿ ನೋಡೋಕೆ ಅಂಕಿ ಇರಲಿಲ್ಲ.

ವಿಮಾನ ಹತ್ತಿರ ಬಂತು. ಮೆಕ್‌ಮರ್ಡೊ ಮೇಲೆ ಮೋಡ ಕೆಳಗೇ ಇದೆ, ಮೋಡದ ಕೆಳಗೆ ದೂರದವರೆಗೂ ಕಾಣ್ತಿದೆ ಅಂತ ಮ್ಯಾಕ್ ಸೆಂಟರ್ ಹೇಳ್ತು. 40 ಮೈಲಿ ಒಳಗೆ ಬಂದ್ರೆ ರೇಡಾರ್‌ನಲ್ಲಿ ನೋಡ್ಕೊಂಡು 1,500 ಅಡಿವರೆಗೆ ಇಳಿಸ್ತೀವಿ ಅಂತಲೂ ಹೇಳ್ತು. ಟೂರಿಸ್ಟ್‌ಗಳಿಗೆ ನೆಲ ತೋರಿಸಬೇಕಲ್ಲ, ಪೈಲಟ್‌ಗಳು ಖುಷಿಯಿಂದ ಒಪ್ಕೊಂಡ್ರು. ಆದ್ರೆ ರೇಡಾರ್ ಪರದೆ ಮೇಲೆ ಆ ವಿಮಾನ ಕೊನೆವರೆಗೂ ಕಾಣಿಸ್ಲೇ ಇಲ್ಲ. ವಿಎಚ್‌ಎಫ್‌ನಲ್ಲಿ ಮಾತು ಸರಿಯಾಗಿ ಸಿಗಲಿಲ್ಲ. ಎಚ್‌ಎಫ್‌ನಲ್ಲಿ ಮಾತ್ರ ಸಿಗ್ತಿತ್ತು.

ಯಾಕೆ ಅಂತ ನಿಮಗೆ ಈಗ ಹೊಳೆದಿರಬೇಕು. ಮಧ್ಯೆ ಬೆಟ್ಟ ಇತ್ತು.

ಇವತ್ತು ಕೂತು ನೋಡಿದ್ರೆ ಸುಲಭ. ಆವತ್ತು? ಧ್ರುವ ಪ್ರದೇಶದಲ್ಲಿ ರೇಡಿಯೋ ಕೈಕೊಡೋದು ದಿನದ ಮಾತು. ಮೋಡದ ಸಂದಿಯಲ್ಲಿ ನೆಲ ಕಾಣಿಸ್ತು, ಎರಡು ಸುತ್ತು ಹಾಕಿ ಇಳೀತಿದೀವಿ, 2,000 ಅಡಿಗೆ ಬರ್ತೀವಿ, ಕಣ್ಣಿಗೆ ಎಲ್ಲ ಸ್ಪಷ್ಟ ಇದೆ ಅನ್ನೋ ಅರ್ಥದಲ್ಲಿ ವಿಮಾನದಿಂದ ಮಾತು ಬಂತು. ಅವರು ಸುಳ್ಳು ಹೇಳಲಿಲ್ಲ. ಪ್ರಯಾಣಿಕರ ಕ್ಯಾಮೆರಾಗಳಲ್ಲಿ ಆಮೇಲೆ ಸಿಕ್ಕ ಫೋಟೋಗಳಲ್ಲೂ ಗಾಳಿ ಶುದ್ಧವಾಗಿಯೇ ಇದೆ. ಅದಕ್ಕೆ ವೈಟ್‌ಔಟ್ ಅಂತಾರೆ. ಮೇಲೆ ಬಿಳಿ ಮೋಡ, ಮುಂದೆ ಬಿಳಿ ಇಳಿಜಾರು, ನೆರಳು ಬೀಳಲ್ಲ. ಏರ್ತಾ ಹೋಗೋ ಬೆಟ್ಟ ಕೂಡ ಸಮತಟ್ಟಾದ ಬಯಲಿನ ತರ ಕಾಣುತ್ತೆ.

ಮಧ್ಯಾಹ್ನ 12.50ರ ಹತ್ತಿರ ನೆಲ ಸಮೀಪಿಸ್ತಿದೆ ಅನ್ನೋ ಅಲಾರಂ ಹೊಡ್ಕೊಂಡಿತು. ಆರು ಸೆಕೆಂಡ್ ಆದ್ಮೇಲೆ ವಿಮಾನ ಎರೆಬಸ್ ಇಳಿಜಾರಿಗೆ ಬಡಿದಿತ್ತು. ಯಾರೂ ಉಳೀಲಿಲ್ಲ.

ಮ್ಯಾಕ್ ಸೆಂಟರ್‌ಗೆ ಇದೇನೂ ಗೊತ್ತಿಲ್ಲ. ಶಬ್ದ ಕೇಳಿಲ್ಲ, ಬೆಂಕಿ ಕಂಡಿಲ್ಲ. ಕರೀತಾನೇ ಇದ್ರು. ಗಂಟೆಗಳು ಕಳೆದವು. ನವೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗಲ್ಲ, ಹಾಗಾಗಿ ರಾತ್ರಿಯೂ ಹುಡುಕಾಟ ನಡೀತು. ಸುಮಾರು 12 ಗಂಟೆ ಆದ್ಮೇಲೆ ಅಮೆರಿಕ ನೌಕಾಪಡೆಯ ವಿಮಾನವೊಂದು ಬಿಳಿ ಇಳಿಜಾರಿನ ಮೇಲೆ ಕಪ್ಪು ಗೆರೆ ನೋಡ್ತು.

ಆಮೇಲೆ ಶುರುವಾಗಿದ್ದು ತಪ್ಪು ಯಾರದ್ದು ಅನ್ನೋ ಪ್ರಶ್ನೆ. 1980ರಲ್ಲಿ ಬಂದ ಮೊದಲ ವರದಿ ಪೈಲಟ್‌ಗಳ ಕಡೆ ಬೆರಳು ತೋರಿಸ್ತು. 1981ರಲ್ಲಿ ನ್ಯಾಯಮೂರ್ತಿ ಪೀಟರ್ ಮಹೋನ್ ಆಯೋಗ ಅದನ್ನ ತಿರುಗಿಸಿ ಹಾಕ್ತು: ಮುಖ್ಯ ಕಾರಣ ಪೈಲಟ್‌ಗಳಿಗೆ ಹೇಳದೆ ಕಂಪನಿ ಅಂಕಿ ಬದಲಾಯಿಸಿದ್ದು. ಕಂಪನಿಯವರು ಸೇರ್ಕೊಂಡು ಸುಳ್ಳು ಹೇಳಿದ್ರು ಅಂತಲೂ ಮಹೋನ್ ಬರೆದ್ರು. ಆ ಮಾತು ಮೇಲಿನ ಕೋರ್ಟ್‌ಗಳಲ್ಲಿ ನಿಲ್ಲಲಿಲ್ಲ, ಅವರು ಜಡ್ಜ್ ಹುದ್ದೆ ಬಿಟ್ರು. ನ್ಯೂಜಿಲೆಂಡ್ ಸರ್ಕಾರ ಆ ಕುಟುಂಬಗಳಿಗೆ ಕ್ಷಮೆ ಕೇಳಿದ್ದು 2019ರಲ್ಲಿ, ಪ್ರಧಾನಿ ಜಸಿಂಡಾ ಆರ್ಡರ್ನ್ ಬಾಯಿಂದ. ಅಷ್ಟರಲ್ಲಿ 40 ವರ್ಷ ಆಗಿತ್ತು.

ಕಂಟ್ರೋಲರ್‌ಗಳ ಮೇಲೂ ಕೇಸ್ ಬಿತ್ತು. ಸತ್ತವರ ಕಡೆಯವರು ಅಮೆರಿಕ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದ್ರು, ಮೆಕ್‌ಮರ್ಡೊ ಕಂಟ್ರೋಲ್ ನಿರ್ಲಕ್ಷ್ಯ ಮಾಡ್ತು ಅಂತ. ಮೊದಲು ಎದ್ದ ಪ್ರಶ್ನೆ ವಿಚಿತ್ರ: ಅಂಟಾರ್ಕ್ಟಿಕಾ ಬೇರೆ ದೇಶವಾ? ಬೇರೆ ದೇಶದಲ್ಲಿ ನಡೆದಿದ್ದಕ್ಕೆ ಅಮೆರಿಕ ಸರ್ಕಾರದ ಮೇಲೆ ಹೀಗೆ ಕೇಸ್ ಹಾಕೋಹಾಗಿಲ್ಲ. 1984ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್, ಅದು ಯಾರ ದೇಶವೂ ಅಲ್ಲ, ಕೇಸ್ ನಡೀಲಿ ಅಂತು. ಕೇಸ್ ನಡೀತು, 1988ರಲ್ಲಿ ಕಂಟ್ರೋಲರ್‌ಗಳ ನಿರ್ಲಕ್ಷ್ಯ ಇಲ್ಲ ಅಂತ ತೀರ್ಪು ಬಂತು. 1993ರಲ್ಲಿ ಬೇರೊಂದು ಕೇಸ್‌ನಲ್ಲಿ, ಮೆಕ್‌ಮರ್ಡೊ ಹತ್ತಿರ ಹಿಮದ ಬಿರುಕಿಗೆ ಬಿದ್ದು ಸತ್ತ ಒಬ್ಬ ಬಡಗಿಯ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಉಲ್ಟಾ ಹೇಳ್ತು: ಈ ಕಾನೂನಿನ ಮಟ್ಟಿಗೆ ಅಂಟಾರ್ಕ್ಟಿಕಾ ಬೇರೆ ದೇಶವೇ.

ಇದು ನಮಗೂ ಸಂಬಂಧ ಇರೋ ವಿಷಯ. ನಮ್ಮ ಮೈತ್ರಿ ಮತ್ತು ಭಾರತಿ ಕೇಂದ್ರಗಳಿಗೂ ಪ್ರತಿ ಬೇಸಿಗೇಲಿ ಜನ ಹೋಗ್ತಾರೆ. ಮೈತ್ರಿಗೆ ಹೋಗೋರು ಇಳಿಯೋದು ರಷ್ಯಾ ಕೇಂದ್ರದ ಪಕ್ಕದ ಮಂಜುಗಡ್ಡೆ ರನ್‌ವೇ ಮೇಲೆ. ಅಲ್ಲಿ ಏನಾದ್ರೂ ಆದ್ರೆ ಯಾವ ಕಾನೂನು ಅನ್ನೋ ಪ್ರಶ್ನೆಗೆ ಭಾರತ ಸ್ವಂತ ಅಂಟಾರ್ಕ್ಟಿಕ ಕಾಯ್ದೆ ಮಾಡಿದ್ದು 2022ರಲ್ಲಿ.

ಮ್ಯಾಕ್ ಸೆಂಟರ್ ಇವತ್ತೂ ಇದೆ. ಈಗ ವಿಮಾನಗಳಲ್ಲಿ ಜಿಪಿಎಸ್ ಇದೆ, ಮುಂದಿರೋ ಬೆಟ್ಟವನ್ನ ಪರದೆ ಮೇಲೆ ತೋರಿಸೋ ವ್ಯವಸ್ಥೆ ಇದೆ. ಆದ್ರೂ ಅಲ್ಲಿ ಮೈಕ್ ಹಿಡಿದವರಿಗೆ ಆಕಾಶದ ಬಗ್ಗೆ ಗೊತ್ತಾಗೋದು ಹೆಚ್ಚಿನಂಶ ಬೇರೆಯವರು ಹೇಳಿದ್ದರಿಂದಲೇ. ಆವತ್ತು ಪೈಲಟ್ ಹತ್ರ ಒಂದು ನಕ್ಷೆ ಇತ್ತು, ಕಂಪ್ಯೂಟರ್ ಹತ್ರ ಇನ್ನೊಂದು, ಕಂಟ್ರೋಲರ್ ಹತ್ರ ಒಂದು ಪದ. ಮೂವರೂ ಒಂದೇ ವಿಮಾನದ ಬಗ್ಗೆ ಮಾತಾಡ್ತಿದೀವಿ ಅಂದ್ಕೊಂಡಿದ್ರು.

ನಾಳೆ ಆಫೀಸಲ್ಲಿ ಯಾವುದಾದ್ರೂ ಶೀಟ್‌ನಲ್ಲಿ ಒಂದು ಅಂಕಿ ಸರಿ ಮಾಡಿದ್ರೆ, ಅದನ್ನ ನಂಬಿ ಕೂತಿರೋರಿಗೆ ಒಂದು ಮೆಸೇಜ್ ಹಾಕಿ. ಮುಂದಿನ ವಾರ ಸಿಗೋಣ.