ಆಸ್ಪತ್ರೆಗೆ ಬೇಕು ಬೆಂಕಿಯ ತಾಲೀಮು

ಬೆಂಕಿ ಕಂಡರೆ ಹೊರಗೆ ಓಡಬೇಕು ಎಂಬುದು ಎಳೆಯ ಮಕ್ಕಳಿಗೂ ತಿಳಿದ ಪಾಠ. ಶಾಲೆ, ಕಚೇರಿ, ಚಿತ್ರಮಂದಿರಗಳ ಸುರಕ್ಷತೆಯ ಏರ್ಪಾಡೆಲ್ಲ ಇದೇ ಪಾಠದ ಮೇಲೆ ನಿಂತಿದೆ. ಆದರೆ ಆಸ್ಪತ್ರೆಯಲ್ಲಿ ಈ ಪಾಠ ನಡೆಯುವುದಿಲ್ಲ. ಓಡಬೇಕಾದವರೇ ಅಲ್ಲಿ ಹಾಸಿಗೆ ಹಿಡಿದಿರುತ್ತಾರೆ. ಒಬ್ಬರ ಮೂಗಿಗೆ ಆಮ್ಲಜನಕದ ಕೊಳವೆ, ಇನ್ನೊಬ್ಬರ ಕೈಗೆ ಗ್ಲೂಕೋಸ್, ಮತ್ತೊಬ್ಬರು ಆಪರೇಷನ್ ಮೇಜಿನ ಮೇಲೆ. ಇವರನ್ನು ಕಾಪಾಡುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಒಂದರ ಹಿಂದೊಂದು ನಡೆದ ದುರಂತಗಳಿಂದ.

1929ರ ಮೇ 15ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ನೆಲಮಾಳಿಗೆಯಲ್ಲಿ ರಾಶಿ ಹಾಕಿದ್ದ ಎಕ್ಸ್‌-ರೇ ಫಿಲ್ಮುಗಳಿಗೆ ಬೆಂಕಿ ತಗುಲಿತು. ಆಗಿನ ಫಿಲ್ಮು ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ್ದು. ಅದು ಉರಿದರೆ ವಿಷಾನಿಲ ಹೊರಡುತ್ತದೆ. ಆ ಅನಿಲ ಮೇಲಿನ ಅಂತಸ್ತುಗಳಿಗೆ ನುಗ್ಗಿ 123 ಜನ ಸತ್ತರು. ಸಂಸ್ಥಾಪಕ ವೈದ್ಯರಲ್ಲೊಬ್ಬರೂ ಅವರಲ್ಲಿದ್ದರು. ಬಹುಮಂದಿಯನ್ನು ಕೊಂದದ್ದು ಜ್ವಾಲೆಯಲ್ಲ, ಉಸಿರಾಡಿದ ಗಾಳಿ. ಸುಲಭವಾಗಿ ಹೊತ್ತಿಕೊಳ್ಳದ ‘ಸೇಫ್ಟಿ ಫಿಲ್ಮ್’ ಬಳಕೆಗೆ ಇದರಿಂದ ವೇಗ ಬಂತು.

ಇಪ್ಪತ್ತು ವರ್ಷಗಳ ನಂತರ, 1949ರ ಏಪ್ರಿಲ್ 4ರ ನಡುರಾತ್ರಿಯ ಹೊತ್ತಿಗೆ ಇಲಿನಾಯ್ ರಾಜ್ಯದ ಎಫಿಂಗ್‌ಹ್ಯಾಮ್ ಎಂಬ ಸಣ್ಣ ಊರಿನ ಸೇಂಟ್ ಆಂಥೋನಿ ಆಸ್ಪತ್ರೆ ಹೊತ್ತಿ ಉರಿಯಿತು. ಎಲ್ಲ ಅಂತಸ್ತುಗಳಿಗೂ ತೆರೆದಿದ್ದ ಮೆಟ್ಟಿಲು ಹಾಗೂ ಮೈಲಿಗೆ ಬಟ್ಟೆ ಜಾರಿಸುವ ಕೊಳವೆ ಚಿಮಣಿಯಂತಾದವು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎಳೆಗೂಸುಗಳ ಕೋಣೆಯಲ್ಲಿದ್ದ ನರ್ಸ್ ಅವನ್ನು ಬಿಟ್ಟು ಬರಲೊಪ್ಪದೆ ಅವುಗಳೊಡನೆಯೇ ಪ್ರಾಣಬಿಟ್ಟಳು. ಅವಳ ತ್ಯಾಗವನ್ನು ಜನ ಕೊಂಡಾಡಿದರು. ಆದರೆ ಒಬ್ಬಳೇ ನರ್ಸ್ ಅಷ್ಟು ಮಕ್ಕಳನ್ನು ಹೊರಗೆ ತರುವುದಾದರೂ ಹೇಗೆ ಎಂಬ ಪ್ರಶ್ನೆ ಉಳಿಯಿತು.

ಇದಕ್ಕೆ ಸುಳಿವು ಸಿಕ್ಕಿದ್ದು 1961ರ ಡಿಸೆಂಬರ್ 8ರಂದು, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ. ಕಸದ ಕೊಳವೆಯಲ್ಲಿ ಹುಟ್ಟಿದ ಬೆಂಕಿ ಒಂಬತ್ತನೆಯ ಅಂತಸ್ತಿನಲ್ಲಿ ಸ್ಫೋಟಿಸಿತು. 16 ಮಂದಿ ಸತ್ತರು. ಆದರೆ ಅದೇ ಅಂತಸ್ತಿನಲ್ಲಿ ಬಾಗಿಲು ಮುಚ್ಚಿದ್ದ ಕೋಣೆಗಳೊಳಗಿದ್ದವರು ಬದುಕಿ ಉಳಿದರು. ಒಂದು ಬಾಗಿಲನ್ನು ಮುಚ್ಚಿದರೆ ಒಂದು ಕೋಣೆಯ ಜೀವ ಉಳಿಯುತ್ತದೆ ಎಂಬ ಸರಳ ಸತ್ಯ ಕಣ್ಣೆದುರಿಗೆ ಬಂತು.

ಇಂಥ ಅನುಭವಗಳಿಂದಲೇ ಆಸ್ಪತ್ರೆಯ ನೀತಿ ರೂಪುಗೊಂಡಿತು. ಬೆಂಕಿಯ ಹತ್ತಿರವಿರುವವರನ್ನು ಸರಿಸು, ಕೂಗಿ ತಿಳಿಸು, ಬಾಗಿಲು ಮುಚ್ಚು, ಸಾಧ್ಯವಾದರೆ ಆರಿಸು. ರೋಗಿಗಳನ್ನು ಮೆಟ್ಟಿಲಿಳಿಸುವುದು ಕೊನೆಯ ದಾರಿ. ಮೊದಲು ಅದೇ ಅಂತಸ್ತಿನಲ್ಲಿ, ಬೆಂಕಿ ತಡೆಯುವ ಗೋಡೆ-ಬಾಗಿಲುಗಳಾಚೆಯ ಭಾಗಕ್ಕೆ ಅಡ್ಡಡ್ಡಲಾಗಿ ಸಾಗಿಸಬೇಕು. ಅಮೆರಿಕದ ‘ಲೈಫ್ ಸೇಫ್ಟಿ ಕೋಡ್’ ಪ್ರಕಾರ ಪ್ರತಿ ಪಾಳಿಯವರೂ ಮೂರು ತಿಂಗಳಿಗೊಮ್ಮೆ ಇದರ ಅಭ್ಯಾಸ ಮಾಡಲೇಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಂಟೆ ಬಾರಿಸುವ ಬದಲು ಸಂಕೇತದ ಮಾತಿನಲ್ಲಿ ಪ್ರಕಟಿಸಬಹುದು. ನಿಜವಾದ ರೋಗಿಗಳನ್ನು ಕದಲಿಸಬೇಕಾಗಿಲ್ಲ.

ಹಾಗಾದರೆ ಅಭ್ಯಾಸ ನಿಜದಂತಾಗುವುದು ಹೇಗೆ? ಒಳ್ಳೆಯ ತಾಲೀಮಿನ ಗಳಿಗೆ ವಾರ್ಡಿನವರಿಗೆ ಮೊದಲೇ ತಿಳಿದಿರುವುದಿಲ್ಲ. ಮೂಲೆಯಲ್ಲಿ ಒಂದು ಕೆಂಪು ದೀಪ ಇಟ್ಟರೆ ಅದೇ ಬೆಂಕಿ. ಮೊದಲು ಕಂಡ ಆಯಾ ಏನು ಮಾಡುತ್ತಾಳೆ ಎಂಬಲ್ಲಿಂದ ಗಡಿಯಾರದ ಎಣಿಕೆ ಶುರು. ಸಿಬ್ಬಂದಿಯಲ್ಲೊಬ್ಬರು ರೋಗಿಯಾಗಿ ಮಲಗುತ್ತಾರೆ, ಇಲ್ಲವೇ ಮನುಷ್ಯನಷ್ಟೇ ಭಾರದ ಬೊಂಬೆಯನ್ನು ಮಲಗಿಸುತ್ತಾರೆ. ಅದನ್ನು ಹಾಸಿಗೆ ಸಮೇತ ನೆಲಕ್ಕಿಳಿಸಿ ಎಳೆದೊಯ್ಯಬೇಕು. ಖಾಲಿ ವಾರ್ಡು ಸಿಕ್ಕರೆ ನಾಟಕದ ಹೊಗೆಯಂತ್ರದಿಂದ ಹೊಗೆ ತುಂಬುವುದೂ ಉಂಟು. ಕಣ್ಣು ಕಾಣದಾಗ ಗೋಡೆ ತಡವಿಕೊಂಡು ಬಾಗಿಲು ಹುಡುಕುವ ಕಷ್ಟ ಆಗಲೇ ಅರಿವಾಗುವುದು.

ತಾಲೀಮು ಹೊರಗೆಳೆಯುವ ಸಂಗತಿಗಳು ಬಹಳ ಸಣ್ಣವು. ಹಿಂಬಾಗಿಲಿನ ಬೀಗದ ಕೈ ಯಾರ ಬಳಿ ಇದೆ? ಕಾರಿಡಾರಿನಲ್ಲಿ ಮುರಿದ ಮಂಚಗಳೇಕೆ? ಅಲ್ಲೇ ಚಾಪೆ ಹಾಸಿ ಮಲಗಿರುವ ರೋಗಿಯ ಕಡೆಯವರನ್ನು ಎಬ್ಬಿಸುವವರು ಯಾರು? ವಾರ್ಡಿನ ಆಮ್ಲಜನಕದ ವಾಲ್ವ್ ಎಲ್ಲಿದೆ? ಅದನ್ನು ಮುಚ್ಚುವ ಮುನ್ನ ವೆಂಟಿಲೇಟರ್ ಮೇಲಿರುವ ರೋಗಿಗೆ ಸಿಲಿಂಡರ್ ಜೋಡಿಸುವವರು ಯಾರು? ಇವುಗಳಿಗೆ ಉತ್ತರ ಹುಡುಕುವ ಸಮಯ ಬೆಂಕಿ ಬಿದ್ದಾಗ ಸಿಗುವುದಿಲ್ಲ.

ಭಾರತವೂ ಈ ಪಾಠಕ್ಕೆ ದುಬಾರಿ ಬೆಲೆ ತೆತ್ತಿದೆ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿತು. ಹವಾನಿಯಂತ್ರಣದ ಕೊಳವೆಗಳ ಮೂಲಕ ಹೊಗೆ ವಾರ್ಡುಗಳಿಗೆ ಹರಿಯಿತು. ತೆರೆಯಲು ಬಾರದ ಗಾಜನ್ನು ಒಡೆದು ಒಳಹೋಗಬೇಕಾಯಿತು. ಸುಮಾರು 90 ಜನ ಸತ್ತರು, ಹೆಚ್ಚಿನವರು ಉಸಿರುಕಟ್ಟಿ. ರೋಗಿಗಳನ್ನು ಹೊರಗೆ ಸಾಗಿಸುತ್ತಿದ್ದ ಕೇರಳದ ಇಬ್ಬರು ನರ್ಸುಗಳೂ ಸತ್ತವರಲ್ಲಿದ್ದರು. ನೆಲಮಾಳಿಗೆ, ಹೊಗೆ, ಮೇಲಿನ ಅಂತಸ್ತು: 82 ವರ್ಷಗಳ ಬಳಿಕ ಕ್ಲೀವ್‌ಲ್ಯಾಂಡಿನ ಕಥೆಯೇ ಮರುಕಳಿಸಿತ್ತು. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರದಲ್ಲಿ 10 ಶಿಶುಗಳು, 2024ರ ನವೆಂಬರ್‌ನಲ್ಲಿ ಝಾನ್ಸಿಯಲ್ಲಿ ಒಂದೇ ರಾತ್ರಿ 10 ಶಿಶುಗಳು ಅಸುನೀಗಿದವು. ಎಫಿಂಗ್‌ಹ್ಯಾಮ್, ಕೋಲ್ಕತ್ತ, ಭಂಡಾರ, ಝಾನ್ಸಿ ಎಲ್ಲವೂ ಕತ್ತಲ ಹೊತ್ತಿನ ಬೆಂಕಿಗಳು, ಸಿಬ್ಬಂದಿ ವಿರಳವಾಗಿರುವ ಹೊತ್ತಿನವು.

ನಮ್ಮಲ್ಲಿ ಅಭ್ಯಾಸಗಳೇ ಇಲ್ಲವೆಂದಲ್ಲ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಗೊಂಡು ಮಡಿದ ಅಗ್ನಿಶಾಮಕರ ನೆನಪಿಗಾಗಿ ಪ್ರತಿ ವರ್ಷ ಆ ದಿನದಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆಗ ಆಸ್ಪತ್ರೆಗಳ ಅಂಗಳದಲ್ಲೂ ‘ಅಣಕು ಪ್ರದರ್ಶನ’ ಏರ್ಪಡುತ್ತದೆ. ಹಗಲಿನಲ್ಲಿ, ಅತಿಥಿಗಳ ಸಮ್ಮುಖದಲ್ಲಿ, ಡಬ್ಬಿಯೊಳಗಿನ ಬೆಂಕಿಯನ್ನು ಆರಿಸಿ ತೋರಿಸಲಾಗುತ್ತದೆ. ಅದರಿಂದ ಉಪಯೋಗವಿಲ್ಲ ಎನ್ನಲಾಗದು, ಆದರೆ ಅದು ಹೆಸರಿಗೆ ತಕ್ಕಂತೆ ಪ್ರದರ್ಶನ. ನಾಟಕದವರಿಗೆ ತಾಲೀಮಿಗೂ ಪ್ರದರ್ಶನಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ತಾಲೀಮಿನಲ್ಲಿ ಪ್ರೇಕ್ಷಕರಿರುವುದಿಲ್ಲ, ತಪ್ಪುವುದಕ್ಕೆ ಅವಕಾಶವಿರುತ್ತದೆ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಇಬ್ಬರೇ ಇರುವ ನರ್ಸುಗಳಿಗೆ ಬೇಕಾಗಿರುವುದು ಆ ಅವಕಾಶ.