ಕಾಲಡಿಪೇಟೆಯ ಬಣ್ಣ, ನಮ್ಮನೆಯ ಹೀಟ್ ಪ್ರೆಸ್

ಹೋದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡದ ಗುಂಪಿನ ಮೂವತ್ತು ಮಂದಿಗೆ ಟೀ ಶರ್ಟ್ ಮನೆಯಲ್ಲೇ ಮಾಡೋಣ ಅಂತ ನನ್ನಾಕೆ ಒಂದು ಹೀಟ್ ಪ್ರೆಸ್ ತರಿಸಿದಳು. ಎಣ್ಣೂರಿನ ಸೆಖೆಗೆ ಕಾಟನ್ನೇ ಇರಲಿ ಅಂತ ಹಠ ಹಿಡಿದವನು ನಾನು. ಅಕ್ಷರಗಳನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಶರ್ಟಿನ ಮೇಲಿಟ್ಟು ಒತ್ತಿದ್ದಾಯ್ತು. ಮೊದಲ ಒಗೆತಕ್ಕೇ ಅರಿಶಿನ, ಕುಂಕುಮ ಎರಡೂ ಬಕೆಟ್ ಪಾಲು! "ರೀ, ನಿಮಗೆ ಲೆಕ್ಕ ಗೊತ್ತು, ಬಟ್ಟೆ ಗೊತ್ತಿಲ್ಲ" ಅಂದಳು.

ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದರೆ ಕಥೆ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ.

ವಿಮ್ಕೊ ನಗರದಲ್ಲಿ ಮೆಟ್ರೊ ಹತ್ತಿ, ತಿರುವೊಟ್ರಿಯೂರು, ತೇರಡಿ ದಾಟಿದರೆ ಕಾಲಡಿಪೇಟೆ. ಇದು ಪಾದಕ್ಕೆ ಸಂಬಂಧಪಟ್ಟ ಹೆಸರು ಅಂತಲೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲವಂತೆ. 1717ರಿಂದ 1720ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಜೋಸೆಫ್ ಕಾಲೆಟ್ ನೇಕಾರರಿಗಾಗಿ ಕಟ್ಟಿಸಿದ ಊರು. ಕಾಲೆಟ್ ಪೇಟೆ ಜನರ ಬಾಯಲ್ಲಿ ಕಾಲಡಿಪೇಟೆಯಾಯ್ತು.

ಈ ಕೋರಮಂಡಲ ಕರಾವಳಿಯ ಚಿತ್ರದ ಬಟ್ಟೆಗೆ ಆಗ ಯುರೋಪೆಲ್ಲ ಮರುಳಾಗಿತ್ತು. ಕಾರಣ ಚಿತ್ರ ಮಾತ್ರ ಅಲ್ಲ, ಎಷ್ಟು ಒಗೆದರೂ ಹೋಗದ ಬಣ್ಣ. ಹತ್ತಿ ಸುಮ್ಮನೆ ಬಣ್ಣ ಹಿಡಿಯುವುದಿಲ್ಲ. ಬಟ್ಟೆಗೆ ಮೊದಲು ಅಳಲೆಕಾಯಿ ಮತ್ತು ಎಮ್ಮೆ ಹಾಲಿನ ಉಪಚಾರ. ಚಿತ್ರ ಬರೆದ ಕಾಗದಕ್ಕೆ ಸೂಜಿಯಿಂದ ತೂತು ಚುಚ್ಚಿ, ಇದ್ದಿಲ ಪುಡಿ ಉದುರಿಸಿ ಗೆರೆಯನ್ನ ಬಟ್ಟೆಗೆ ಇಳಿಸುತ್ತಿದ್ದರು. ಕೆಂಪು ಬೇಕಾದ ಕಡೆ ಪಟಿಕದ ನೀರು ಬಳಿದು, ಆಮೇಲೆ ಚಾಯ ಬೇರಿನ ಬಣ್ಣದಲ್ಲಿ ಕುದಿಸಬೇಕು. ಪಟಿಕ ಇದ್ದ ಕಡೆ ಮಾತ್ರ ಕೆಂಪು ನಿಲ್ಲುತ್ತದೆ. ಪುದುಚೇರಿಯಲ್ಲಿದ್ದ ಜೆಸ್ವಿಟ್ ಪಾದ್ರಿ ಕೆರ್ದೂ 1742ರಲ್ಲಿ ಈ ಕೆಲಸವನ್ನೆಲ್ಲ ವಿವರವಾಗಿ ಬರೆದು ಫ್ರಾನ್ಸಿಗೆ ಕಳಿಸಿದ. ಕುಶಲಕರ್ಮಿಗಳ ಕೈಯಲ್ಲಿದ್ದ ಗುಟ್ಟು ಕಾಗದಕ್ಕೆ ಬಂತು.

ಅಲ್ಲಿನ ನೇಕಾರರ ಕೂಗಿಗೆ ಮಣಿದು ಫ್ರಾನ್ಸ್ 1686ರಲ್ಲೇ ಈ ಬಟ್ಟೆಯನ್ನ ನಿಷೇಧಿಸಿತ್ತು. 1700ರಲ್ಲಿ ಇಂಗ್ಲೆಂಡೂ ಕಾನೂನು ಮಾಡಿತು. ಆದರೆ ಬಿಳಿ ಬಟ್ಟೆ ತರಿಸುವುದಕ್ಕೆ ಅಡ್ಡಿ ಇರಲಿಲ್ಲವಾದ್ದರಿಂದ ಅಲ್ಲಿನ ಅಚ್ಚಿನವರು ಅದರ ಮೇಲೆ ತಾವೇ ಅಚ್ಚು ಹಾಕಿ ಬೆಳೆದರು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ತೊಡುವುದನ್ನೂ ಬಹುಪಾಲು ತಡೆದರು. ಅದು ರದ್ದಾಗಿದ್ದು 1774ರಲ್ಲಿ. ಅಷ್ಟರಲ್ಲಿ ಕೈಚಿತ್ರದವರ ಜಾಗಕ್ಕೆ ಯಂತ್ರ ಬರುತ್ತಿತ್ತು.

ಮುಂದಿನದು ಕೇಳಿ. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಪಾಲಿಯೆಸ್ಟರ್ ನೂಲು ಕಂಡುಹಿಡಿದರಲ್ಲ, ಅವರು ಕೆಲಸಕ್ಕಿದ್ದದ್ದು ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನಲ್ಲಿ. ಕ್ಯಾಲಿಕೊ ಅಂದರೆ ನಮ್ಮ ಕಲ್ಲಿಕೋಟೆಯ ಬಟ್ಟೆ! 1957ರಲ್ಲಿ ಫ್ರಾನ್ಸಿನ ನೋಯೆಲ್ ದ ಪ್ಲಾಸ್, ಕೆಲವು ಬಣ್ಣಗಳು ಕಾಯಿಸಿದಾಗ ಕರಗದೆ ನೇರವಾಗಿ ಆವಿಯಾಗುವುದನ್ನ ಅಚ್ಚಿಗೆ ಬಳಸಿಕೊಳ್ಳುವ ದಾರಿ ತೋರಿಸಿದ. ನಮ್ಮನೆಯ ಪ್ರೆಸ್ ಮಾಡುವುದು ಇದನ್ನೇ. ಸುಮಾರು 200 ಡಿಗ್ರಿಯಲ್ಲಿ ಒಂದು ನಿಮಿಷದೊಳಗೆ ಕಾಗದದ ಬಣ್ಣ ಆವಿಯಾಗಿ, ಬಿಸಿಗೆ ಸಡಿಲವಾದ ಪಾಲಿಯೆಸ್ಟರ್ ಎಳೆಯೊಳಗೆ ಹೋಗುತ್ತದೆ. ಆರಿದ ಮೇಲೆ ಅಲ್ಲೇ ಸೆರೆ. ಹತ್ತಿಯಲ್ಲಿ ಅದಕ್ಕೆ ಅಂಥ ಜಾಗ ಇಲ್ಲ.

ಹತ್ತಿಗೆ ಮೊದಲು ಏನಾದರೂ ಕೊಡದೆ ಅದು ಬಣ್ಣ ಹಿಡಿಯುವುದಿಲ್ಲ ಅನ್ನುವುದು ಈ ಕರಾವಳಿಯ ಬಣ್ಣಗಾರರಿಗೆ ಬಾಯಿಪಾಠವಾಗಿತ್ತು. ಅದೇ ಕರಾವಳಿಯಲ್ಲಿ ಇಷ್ಟು ವರ್ಷ ಬದುಕಿದ ನಾನು ಮೂವತ್ತು ಶರ್ಟು ಹಾಳು ಮಾಡಿ ಅದನ್ನ ಕಲಿಯಬೇಕಾಯ್ತು. ಕಸುಬು ಕಳೆದುಹೋದರೆ ಹೋಗುವುದು ಕೂಲಿ ಮಾತ್ರ ಅಲ್ಲ, ಕೇಳಿ ತಿಳಿಯೋಣ ಅಂದರೆ ಪಕ್ಕದ ಬೀದಿಯಲ್ಲಿ ಒಬ್ಬರೂ ಇರುವುದಿಲ್ಲ.

ಈಗ ಕಾಟನ್ನಿಗೂ ದಾರಿ ಇದೆ. ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು, ಅಂಟಿನ ಪುಡಿ ಹಾಕಿ ಕರಗಿಸಿ, ಅದೇ ಪ್ರೆಸ್ಸಿನಲ್ಲಿ ಒತ್ತಬಹುದು. ಬರುವ ನವೆಂಬರಿಗೆ ಅದೇ ಅಂತೆ. ಮೊದಲು ಒಂದು ಶರ್ಟ್ ಒಗೆದು ನೋಡಿದ ಮೇಲೆಯೇ ಉಳಿದ ಇಪ್ಪತ್ತೊಂಬತ್ತು ಅಂತ ನನ್ನಾಕೆಯ ಆರ್ಡರ್ ಆಗಿದೆ. ಒಗೆಯುವವನು ನಾನೇ.